‘256 ಬಿಟ್’ ಎಂದು ಬರೆದು ಸಹಿ ಹಾಕುವ ಮುನ್ನ: ತುಮಕೂರು ಜಿಲ್ಲೆಯ ಖರೀದಿ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕುಗಳಲ್ಲಿ ಸರ್ವರ್, ರೂಟರ್, ವಿಪಿಎನ್ ಪೆಟ್ಟಿಗೆ, ಕ್ಯಾಮೆರಾ, ಬಯೋಮೆಟ್ರಿಕ್ ಯಂತ್ರಗಳನ್ನು ಕೊಳ್ಳಲು ಟೆಂಡರ್ ಬರೆಯುವವರಿಗೆ ಮತ್ತು ಅದಕ್ಕೆ ಸಹಿ ಹಾಕುವವರಿಗೆ ಈ ಪತ್ರ. ಪುರಸಭೆ, ಪಂಚಾಯಿತಿ, ಸಹಕಾರ ಬ್ಯಾಂಕು, ಎಪಿಎಂಸಿ, ಕಾಲೇಜು, ಆಸ್ಪತ್ರೆ ಯಾವುದಾದರೂ ಸರಿ, ಇಂಥ ಟೆಂಡರುಗಳ ಭದ್ರತೆಯ ಕಲಂನಲ್ಲಿ ಎಷ್ಟೋ ಸಲ ಒಂದೇ ಸಾಲು ಇರುತ್ತದೆ: ‘256 ಬಿಟ್ ಎನ್‌ಕ್ರಿಪ್ಷನ್ ಇರತಕ್ಕದ್ದು.’ ಈ ಸಾಲಿನಿಂದ ಜನರ ಮಾಹಿತಿಗೆ ರಕ್ಷಣೆ ಸಿಗುವುದಿಲ್ಲ. ಸೈಫರುಗಳ, ಅಂದರೆ ಮಾಹಿತಿಯನ್ನು ಮರೆಮಾಡುವ ವಿಧಾನಗಳ, ಆಯ್ಕೆ ಕಾಲಕ್ಕೆ ತಕ್ಕಂತೆ ಬದಲಾಗುತ್ತಲೇ ಇರುತ್ತದೆ. ಆದ್ದರಿಂದ ಕಾಗದದಲ್ಲಿ ಇರಬೇಕಾದದ್ದು ಅದನ್ನು ಬದಲಿಸುವ ಹೊಣೆ ಯಾರದು, ಎಷ್ಟು ವರ್ಷ, ಹೇಗೆ ಎಂಬ ಮಾತು. ನಮ್ಮ ಕೋರಿಕೆ ಇಷ್ಟೇ. ಕಾರಣಗಳು ಮಾತ್ರ ಸ್ವಲ್ಪ ಉದ್ದ, ದಯವಿಟ್ಟು ತಾಳ್ಮೆಯಿಂದ ಓದಿ.

ಸುರಕ್ಷಿತ ಸಂಪರ್ಕ ಅಂದರೆ ಒಂದು ಸೈಫರ್ ಅಲ್ಲ, ಅದರಲ್ಲಿ ನಾಲ್ಕು ಕೆಲಸಗಳಿವೆ. ಗುಟ್ಟಿನ ಕೀ ಯಾವುದೆಂದು ಎರಡು ಯಂತ್ರಗಳು ಬಯಲಿನಲ್ಲೇ ಒಪ್ಪಂದಕ್ಕೆ ಬರುವುದು ಕೀ ವಿನಿಮಯ. ಆ ಕಡೆ ಇರುವುದು ಅಸಲಿ ಸರ್ವರೇ ಎಂದು ಖಚಿತಪಡಿಸುವುದು ಸಹಿ. ಮಾಹಿತಿಯನ್ನು ಮರೆಮಾಡುವುದು ಸೈಫರ್. ದಾರಿಯಲ್ಲಿ ಯಾರೂ ತಿದ್ದಿಲ್ಲ ಎಂದು ಪರೀಕ್ಷಿಸುವುದು ಮ್ಯಾಕ್. ‘256 ಬಿಟ್’ ಎಂಬ ಸಂಖ್ಯೆ ಮೂರನೆಯದರ ಕೀ ಎಷ್ಟು ಉದ್ದ ಎಂಬುದನ್ನಷ್ಟೇ ಹೇಳುತ್ತದೆ. ಎಇಎಸ್-256 ಎಂಬ ಸೈಫರ್ ಇಟ್ಟುಕೊಂಡು ಕೀ ವಿನಿಮಯವನ್ನು ಹಳೆಯ 1024 ಬಿಟ್ ಡಿಫಿ-ಹೆಲ್ಮನ್ ಗುಂಪಿನಲ್ಲಿ ಮಾಡುವ ಪೆಟ್ಟಿಗೆ ಈ ಟೆಂಡರಿನಲ್ಲಿ ಪಾಸಾಗುತ್ತದೆ. ಎಕ್ಸ್25519 ಕೀ ವಿನಿಮಯವೂ ಎಇಎಸ್-128 ಜಿಸಿಎಂ ಸೈಫರೂ ಇರುವ, ಅದಕ್ಕಿಂತ ಎಷ್ಟೋ ಗಟ್ಟಿಯಾದ ಪೆಟ್ಟಿಗೆ ಅದೇ ಟೆಂಡರಿನಲ್ಲಿ ಬಿದ್ದುಹೋಗುತ್ತದೆ.

ಈ ನಾಲ್ಕರ ಆಯ್ಕೆ ಆಗುವುದು ಸಂಪರ್ಕ ಶುರುವಾದ ಮೊದಲ ಕ್ಷಣಗಳಲ್ಲಿ. ದೂರದ ಯಂತ್ರಕ್ಕೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್‌ನಲ್ಲಿ ಕ್ಲೈಂಟೂ (ಸಂಪರ್ಕ ಕೇಳುವ ಯಂತ್ರ) ಸರ್ವರೂ ತಮ್ಮ ಬಳಿ ಇರುವ ವಿಧಾನಗಳ ಪಟ್ಟಿಯನ್ನು ಇಷ್ಟದ ಕ್ರಮದಲ್ಲಿ ಕಳಿಸುತ್ತವೆ. ಸೈಫರಿನ ವಿಷಯದಲ್ಲಿ ಕ್ಲೈಂಟಿನ ಪಟ್ಟಿಯನ್ನು ಮೇಲಿಂದ ಓದುತ್ತಾ ಬಂದಾಗ ಸರ್ವರಿನ ಪಟ್ಟಿಯಲ್ಲೂ ಸಿಗುವ ಮೊದಲ ಹೆಸರೇ ಖಾಯಂ. ವೆಬ್ ತಾಣಗಳ ಸಂಪರ್ಕವನ್ನು ಕಾಯುವ ಟಿಎಲ್‌ಎಸ್‌ನಲ್ಲಿ ಸರ್ವರ್ ತನ್ನ ಇಷ್ಟದ ಕ್ರಮವನ್ನೇ ನಡೆಸಬಹುದು. ಹೀಗಾಗಿ ‘ದುರ್ಬಲವಾದದ್ದು ಪಟ್ಟಿಯ ಕೊನೆಯಲ್ಲಿದೆ, ಯಾರು ಬಳಸುತ್ತಾರೆ’ ಎಂಬ ಸಮಾಧಾನ ನಿಲ್ಲುವುದಿಲ್ಲ. ಹಳೆಯ ಕ್ಲೈಂಟ್ ಬಂದರೆ ಅದೇ ಆಯ್ಕೆಯಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ನಡುವೆ ಕೂತವನು ಹೊಸ ಕ್ಲೈಂಟನ್ನೂ ಆ ಕೊನೆಯ ಹೆಸರಿಗೆ ಎಳೆದು ತರಬಹುದು. 2015ರ ಫ್ರೀಕ್ ಮತ್ತು ಲಾಗ್‌ಜಾಮ್ ದಾಳಿಗಳು ಮಾಡಿದ್ದು ಇದನ್ನೇ. ಅಮೆರಿಕದ 1990ರ ದಶಕದ ರಫ್ತು ನಿಯಮಕ್ಕಾಗಿ ಬೇಕೆಂದೇ ದುರ್ಬಲ ಮಾಡಿದ್ದ 512 ಬಿಟ್ ವಿಧಾನಗಳು ಯಾರಿಗೂ ಬೇಡವಾಗಿದ್ದರೂ ಎಷ್ಟೋ ಸರ್ವರುಗಳ ಪಟ್ಟಿಯಿಂದ ಹೋಗಿರಲಿಲ್ಲ. ಇಪ್ಪತ್ತು ವರ್ಷಗಳ ನಂತರ ಅವೇ ಬಾಗಿಲಾದವು.

ಸೈಫರುಗಳು ಯಾಕೆ ಬದಲಾಗುತ್ತವೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಒಂದೊಂದೂ ಒಂದೊಂದು ಕಾರಣಕ್ಕೆ ಹೋಯಿತು, ಆ ಕಾರಣಗಳೇ ಮುಂದಿನ ನಿರ್ಧಾರಕ್ಕೆ ಬೇಕಾದವು.

ಡಿಇಎಸ್ 1977ರಲ್ಲಿ ಅಮೆರಿಕದ ಮಾನದಂಡವಾಯಿತು. ಅದರ ಕೀ 56 ಬಿಟ್. 1998ರಲ್ಲಿ ಡಿಜಿಟಲ್ ಹಕ್ಕುಗಳಿಗಾಗಿ ದುಡಿಯುವ ಇಎಫ್‌ಎಫ್ ಸಂಸ್ಥೆ ಕಟ್ಟಿಸಿದ ಯಂತ್ರವೊಂದು ಸುಮಾರು 56 ಗಂಟೆಗಳಲ್ಲಿ ಕೀಯನ್ನು ಹುಡುಕಿ ತೋರಿಸಿತು. ಇಲ್ಲಿ ಸೋತದ್ದು ಗಣಿತವಲ್ಲ, ಕೀಯ ಉದ್ದ. ತಾತ್ಕಾಲಿಕ ಪರಿಹಾರವಾಗಿ ಅದನ್ನೇ ಮೂರು ಸಲ ಸುತ್ತುವ 3ಡಿಇಎಸ್ ಬಂತು. ಬೆಲ್ಜಿಯಂನ ಯೋನ್ ಡಾಮೆನ್ ಮತ್ತು ವಿನ್ಸೆಂಟ್ ರೈಮೆನ್ ರಚಿಸಿದ ಸೈಫರ್ ಬಹಿರಂಗ ಸ್ಪರ್ಧೆಯಲ್ಲಿ ಗೆದ್ದು 2001ರಲ್ಲಿ ಎಇಎಸ್ ಎನಿಸಿಕೊಂಡಿತು. ಅಂದಿನಿಂದ ಇಂದಿನವರೆಗೆ ಎಇಎಸ್ ಸೈಫರ್ ಮುರಿದಿಲ್ಲ. ಆದರೂ ಎಇಎಸ್ ಬಳಸಿದ ಸಂಪರ್ಕಗಳು ಮುರಿದಿವೆ. ಖರೀದಿಯವರು ಗಮನಿಸಬೇಕಾದ ಜಾಗ ಇದು.

ಎಇಎಸ್ ಒಂದು ಸಲಕ್ಕೆ 16 ಬೈಟಿನ ಒಂದು ತುಂಡನ್ನು ಮಾತ್ರ ಮರೆಮಾಡುತ್ತದೆ. ತುಂಡುಗಳನ್ನು ಒಂದಕ್ಕೊಂದು ಹೇಗೆ ಪೋಣಿಸುವುದು ಎಂಬುದಕ್ಕೆ ಮೋಡ್ ಎನ್ನುತ್ತಾರೆ: ಸಿಬಿಸಿ, ಸಿಟಿಆರ್, ಜಿಸಿಎಂ ಹೀಗೆ. ಎಸ್‌ಎಸ್‌ಎಚ್‌ನ ಮೂಲ ವಿನ್ಯಾಸದಲ್ಲಿ ಪ್ಯಾಕೆಟ್ಟಿನ ಉದ್ದವನ್ನು ಹೇಳುವ ಅಂಕಿಯೂ ಮರೆಯಾಗಿಯೇ ಹೋಗುತ್ತದೆ. ಸಿಬಿಸಿಯಲ್ಲಿ ಸರ್ವರ್ ಮೊದಲ ತುಂಡನ್ನು ಬಿಡಿಸಿ, ಉದ್ದ ಎಷ್ಟೆಂದು ತಿಳಿದು, ಅಷ್ಟು ಬೈಟ್ ಬರುವವರೆಗೆ ಕಾಯುತ್ತದೆ. ಕದ್ದ ತುಂಡನ್ನು ಆ ಜಾಗದಲ್ಲಿ ಕೂರಿಸಿ, ಆಮೇಲೆ ಬೈಟುಗಳನ್ನು ಸ್ವಲ್ಪಸ್ವಲ್ಪವಾಗಿ ಕಳಿಸುತ್ತಾ ಹೋದರೆ, ಸರ್ವರ್ ಎಷ್ಟನೆಯ ಬೈಟಿಗೆ ತಪ್ಪು ಎಂದು ಸಂಪರ್ಕ ಕಡಿಯಿತು ಎಂಬುದರಿಂದಲೇ ಆ ತುಂಡಿನೊಳಗೆ ಏನಿತ್ತು ಎಂದು ಲೆಕ್ಕ ಹಾಕಬಹುದು. 2008ರಲ್ಲಿ ಲಂಡನ್ನಿನ ರಾಯಲ್ ಹಾಲೋವೆ ಸಂಶೋಧಕರು ಇದನ್ನು ತೋರಿಸಿದರು: 2,62,144 ಪ್ರಯತ್ನಕ್ಕೊಮ್ಮೆ 32 ಬಿಟ್ ಮೂಲ ಪಠ್ಯ ಸಿಗುವಂತಿತ್ತು. ಕೀ 128 ಬಿಟ್ ಇದ್ದರೂ 256 ಬಿಟ್ ಇದ್ದರೂ ಈ ದಾಳಿಗೆ ಒಂದೇ. 2009ರ ಫೆಬ್ರುವರಿಯಲ್ಲಿ, ಎಸ್‌ಎಸ್‌ಎಚ್‌ಗೆ ಹೆಚ್ಚಾಗಿ ಬಳಸುವ ಸಾಫ್ಟ್‌ವೇರ್ ಆದ ಓಪನ್‌ಎಸ್‌ಎಸ್‌ಎಚ್‌ನ 5.2 ಆವೃತ್ತಿ ಸಿಟಿಆರ್ ಅನ್ನು ಪಟ್ಟಿಯಲ್ಲಿ ಮೇಲಕ್ಕೆ ತಂದಿತು. ಸರ್ವರಿನ ಡೀಫಾಲ್ಟ್ ಪಟ್ಟಿಯಿಂದ ಸಿಬಿಸಿಯನ್ನು ತೆಗೆದದ್ದು 2014ರ ಅಕ್ಟೋಬರಿನಲ್ಲಿ, 6.7ರಲ್ಲಿ. ಅಂದರೆ ನಿಮ್ಮ ಕಚೇರಿಯಲ್ಲಿರುವ, 2014ಕ್ಕಿಂತ ಹಿಂದಿನ ಸಾಫ್ಟ್‌ವೇರ್ ಇಟ್ಟುಕೊಂಡ ಯಾವ ಪೆಟ್ಟಿಗೆಯಾದರೂ ಸಿಬಿಸಿ ಕೇಳಿದವರಿಗೆ ಸಿಬಿಸಿಯನ್ನೇ ಕೊಡುತ್ತಿರುವ ಸಾಧ್ಯತೆ ಹೆಚ್ಚು.

ಆತುರದ ಬದಲಾವಣೆಯೂ ಅಪಾಯವೇ. 2011ರಲ್ಲಿ ಟಿಎಲ್‌ಎಸ್ 1.0ರ ಸಿಬಿಸಿ ಮೇಲೆ ಬೀಸ್ಟ್ ದಾಳಿ ಬಂದಾಗ, ಸಿಬಿಸಿ ಬೇಡ, ಆರ್‌ಸಿ4 ಬಳಸಿ ಎಂದು ದೊಡ್ಡ ದೊಡ್ಡ ತಾಣಗಳು ಹೊರಳಿದವು. ಆರ್‌ಸಿ4 1987ರಲ್ಲಿ ರಾನ್ ರಿವೆಸ್ಟ್ ರಚಿಸಿದ, ಆಗಲೇ ಮುಪ್ಪಾಗಿದ್ದ ಸೈಫರ್. 2013ರಲ್ಲಿ ಅದರಿಂದ ಹೊರಬರುವ ಬೈಟುಗಳಲ್ಲಿನ ಪಕ್ಷಪಾತವನ್ನು ಬಳಸಿ ಟಿಎಲ್‌ಎಸ್ ಮಾಹಿತಿಯನ್ನು ಹೊರತೆಗೆಯುವ ದಾರಿ ಪ್ರಕಟವಾಯಿತು. 2015ರ ಫೆಬ್ರುವರಿಯಲ್ಲಿ ಆರ್‌ಎಫ್‌ಸಿ 7465 ಎಂಬ ಅಂತರಜಾಲ ಮಾನದಂಡ ಪತ್ರ ಟಿಎಲ್‌ಎಸ್‌ನಲ್ಲಿ ಆರ್‌ಸಿ4ನ್ನು ಪೂರ್ತಿ ನಿಷೇಧಿಸಿತು. 2012ರಲ್ಲಿ ಟೆಂಡರಿಗೆ ಆರ್‌ಸಿ4 ಎಂದು ಹೆಸರು ಹಿಡಿದು ಬರೆದವರು ಅಂದಿನ ಪರಿಣತರ ಮಾತನ್ನೇ ಬರೆದಿದ್ದರು. ಮೂರು ವರ್ಷಕ್ಕೆ ಅದು ನಿಷಿದ್ಧ ವಸ್ತುವಾಯಿತು, ಟೆಂಡರಿನ ಷರತ್ತು ಮಾತ್ರ ಹಾಗೇ ಉಳಿಯಿತು.

3ಡಿಇಎಸ್ ಹೋದದ್ದು ತುಂಡಿನ ಅಳತೆಯಿಂದ. ಅದರ ತುಂಡು 8 ಬೈಟ್. ಒಂದೇ ಕೀಯಲ್ಲಿ 2ರ ಘಾತ 32ರಷ್ಟು ತುಂಡು, ಅಂದರೆ 32 ಜಿಬಿ ಹರಿದರೆ, ಎರಡು ತುಂಡುಗಳು ಒಂದೇ ಥರ ಹೊರಬರುವ ಸಂಭವ ದೊಡ್ಡದಾಗುತ್ತದೆ. ಹಾಗೆ ಬಂದಾಗ ಮೂಲ ಪಠ್ಯದ ಸುಳಿವು ಸೋರುತ್ತದೆ. 2016ರ ಸ್ವೀಟ್32 ಸಂಶೋಧನೆ ಸುಮಾರು 785 ಜಿಬಿ ಹರಿವನ್ನು ಗಮನಿಸಿ ಒಂದು ಲಾಗಿನ್ ಕುಕಿಯನ್ನು ಹೊರತೆಗೆದಿತ್ತು. ಇಷ್ಟೊಂದು ಯಾರು ಕಳಿಸುತ್ತಾರೆ ಎನ್ನಬೇಡಿ. ರಾತ್ರಿಯೆಲ್ಲಾ ತೆರೆದೇ ಇರುವ ವಿಪಿಎನ್‌ನಲ್ಲಿ ಕ್ಯಾಮೆರಾ ದೃಶ್ಯವೂ ಬ್ಯಾಕಪ್ಪೂ ಹೋಗುತ್ತಿದ್ದರೆ 32 ಜಿಬಿ ಒಂದು ರಾತ್ರಿಯ ಮಾತು. ಓಪನ್‌ವಿಪಿಎನ್‌ನ ಹಳೆಯ ಡೀಫಾಲ್ಟ್ ಬ್ಲೋಫಿಶ್ ಕೂಡ 8 ಬೈಟಿನದೇ. ಎಇಎಸ್‌ನ 16 ಬೈಟಿಗೆ ಅದೇ ಲೆಕ್ಕ ಹಾಕಿದರೆ ಮಿತಿ 256 ಎಕ್ಸಾಬೈಟ್ ಆಗುತ್ತದೆ, ಯಾವ ಕಚೇರಿಯೂ ಅಲ್ಲಿಗೆ ಮುಟ್ಟದು.

ಇಲ್ಲಿಂದ ಹೊಸ ದಾರಿ ಶುರುವಾಯಿತು: ಮರೆಮಾಡುವುದನ್ನೂ ತಿದ್ದುಪಡಿ ಹಿಡಿಯುವುದನ್ನೂ ಒಂದೇ ವಿಧಾನದಲ್ಲಿ ಬೆಸೆಯುವುದು. ಎಇಎಸ್-ಜಿಸಿಎಂ ಮತ್ತು ಚಾಚಾ20-ಪಾಲಿ1305 ಈ ಜಾತಿಯವು. 2018ರ ಆಗಸ್ಟಿನ ಟಿಎಲ್‌ಎಸ್ 1.3 ಇಂಥವನ್ನು ಬಿಟ್ಟು ಬೇರೆಯವನ್ನು ಒಳಗೇ ಬಿಡಲಿಲ್ಲ. ಟಿಎಲ್‌ಎಸ್ 1.2ರಲ್ಲಿ ನೂರಾರು ಇದ್ದ ಸೈಫರ್ ಜೋಡಣೆಗಳು ಐದಕ್ಕಿಳಿದವು. ಆಯ್ಕೆಗಳನ್ನು ಕಡಿಮೆ ಮಾಡಿದ್ದೇ ಆ ಆವೃತ್ತಿಯ ದೊಡ್ಡ ಕೊಡುಗೆ ಎಂಬುದು ನಮ್ಮ ಅಭಿಪ್ರಾಯ.

ಜಿಸಿಎಂ ಮತ್ತು ಚಾಚಾ20 ಪೈಕಿ ಯಾವುದು ಎಂಬುದು ಪೆಟ್ಟಿಗೆಯೊಳಗಿನ ಚಿಪ್ಪಿನ ಮೇಲೆ ನಿಂತಿದೆ. ಎಇಎಸ್‌ಗೆಂದೇ ಸೂಚನೆಗಳಿರುವ ಪ್ರೊಸೆಸರಿನಲ್ಲಿ ಜಿಸಿಎಂ ಬಹಳ ವೇಗ. ಇಂಟೆಲ್ ಇವನ್ನು 2010ರಿಂದ ಕೊಡುತ್ತಿದೆ. ಅಂಥ ಸೂಚನೆಗಳಿಲ್ಲದ ಸಣ್ಣ ಪೆಟ್ಟಿಗೆಗಳಲ್ಲಿ, ಡೇನಿಯಲ್ ಬರ್ನ್‌ಸ್ಟೈನ್ 2008ರಲ್ಲಿ ರಚಿಸಿದ ಚಾಚಾ20 ಹೆಚ್ಚು ವೇಗವಾಗಿಯೂ, ಕೆಲಸಕ್ಕೆ ಹಿಡಿದ ಸಮಯದಿಂದ ಗುಟ್ಟು ಸೋರದಂತೆಯೂ ನಡೆಯುತ್ತದೆ. ರಾಸ್‌ಬೆರಿ ಪೈ 4 ಎಂಬ ಸಣ್ಣ ಕಂಪ್ಯೂಟರಿನಲ್ಲಿ ಆ ಎಇಎಸ್ ಸೂಚನೆಗಳಿಲ್ಲ, ಪೈ 5ರಲ್ಲಿವೆ. ಲಿನಕ್ಸ್ ಪೆಟ್ಟಿಗೆಯಾದರೆ ಸಿಪಿಯು ಮಾಹಿತಿ ಕಡತದಲ್ಲಿ ‘ಎಇಎಸ್’ ಎಂಬ ಗುರುತು ಇದೆಯೇ ಎಂದು ನೋಡಿದರೆ ಗೊತ್ತಾಗುತ್ತದೆ. ಪಂಪ್‌ಹೌಸಿಗೋ ಹಾಲಿನ ಡೇರಿಗೋ ಸಣ್ಣ ಗೇಟ್‌ವೇ ಕೊಳ್ಳುವಾಗ ‘ಎಇಎಸ್ ಮಾತ್ರ’ ಎಂದು ಬರೆದರೆ ಆ ಪೆಟ್ಟಿಗೆ ತೆವಳುತ್ತದೆ. ತೆವಳುತ್ತಿದೆ ಎಂದು ಯಾರೋ ಎನ್‌ಕ್ರಿಪ್ಷನ್ನನ್ನೇ ಆಫ್ ಮಾಡುತ್ತಾರೆ.

ಇಷ್ಟು ಹೊಸದಾದ ಚಾಚಾ20 ಇದ್ದರೆ ನಿಶ್ಚಿಂತೆಯೇ? ಅದೂ ಅಲ್ಲ. 2023ರ ಡಿಸೆಂಬರಿನಲ್ಲಿ ಜರ್ಮನಿಯ ಬೋಖುಮ್ ರೂರ್ ವಿಶ್ವವಿದ್ಯಾಲಯದವರು ಪ್ರಕಟಿಸಿದ ಟೆರಪಿನ್ ದಾಳಿ ಎಸ್‌ಎಸ್‌ಎಚ್‌ನಲ್ಲಿ ಸುಲಭವಾಗಿ ತಾಗಿದ್ದು ಚಾಚಾ20-ಪಾಲಿ1305ಕ್ಕೇ. ಜಿಸಿಎಂಗೆ ತಾಗಲಿಲ್ಲ. ಸೈಫರಿನಲ್ಲಿ ದೋಷವಿರಲಿಲ್ಲ. ಪ್ಯಾಕೆಟ್ಟುಗಳ ಕ್ರಮಸಂಖ್ಯೆಯನ್ನು ಕೀ ವಿನಿಮಯ ಮುಗಿದ ಮೇಲೆ ಸೊನ್ನೆಗೆ ತರದಿದ್ದದ್ದು ದೋಷ. ಅದರಿಂದಾಗಿ ನಡುವೆ ಕೂತವನು ಆರಂಭದ ಕೆಲವು ಸಂದೇಶಗಳನ್ನು ಗೊತ್ತಾಗದಂತೆ ಕತ್ತರಿಸಿಬಿಡಬಹುದಿತ್ತು. ಓಪನ್‌ಎಸ್‌ಎಸ್‌ಎಚ್ 9.6 ಇದನ್ನು ಸರಿಪಡಿಸಿತು, ಆದರೆ ಕ್ಲೈಂಟ್ ಮತ್ತು ಸರ್ವರ್ ಎರಡೂ ಅಪ್‌ಡೇಟ್ ಆಗಿದ್ದರೆ ಮಾತ್ರ ರಕ್ಷಣೆ. ಅಪ್‌ಡೇಟ್ ಸಿಗದ ಪೆಟ್ಟಿಗೆ ಒಂದು ತುದಿಯಲ್ಲಿದ್ದರೆ, ಆ ಸಂಪರ್ಕದಲ್ಲಿ ಜಿಸಿಎಂನಂಥ, ಈ ದಾಳಿ ತಾಗದ ವಿಧಾನವನ್ನು ಬಳಸುವಂತೆ ಮಾಡಬೇಕು. ಪಟ್ಟಿ ಬದಲಿಸುವ ಅಧಿಕಾರ ನಿಮ್ಮ ಕೈಯಲ್ಲಿ ಇರಬೇಕು ಎಂದು ಒತ್ತಿ ಹೇಳುತ್ತಿರುವುದು ಈ ಕಾರಣಕ್ಕೆ.

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯಲ್ಲಿ ತಕ್ಕಡಿಗೆ ಒಮ್ಮೆ ಮುದ್ರೆ ಹಾಕಿ ಬಿಡುವುದಿಲ್ಲ, ಕಾನೂನು ಮಾಪನಶಾಸ್ತ್ರ ಇಲಾಖೆಯವರು ಕಾಲಕಾಲಕ್ಕೆ ಬಂದು ಮತ್ತೆ ತೂಗಿ ನೋಡಿ ಮುದ್ರೆ ಹಾಕುತ್ತಾರೆ. ಸೈಫರ್ ಪಟ್ಟಿಗೂ ಅಂಥ ಮರುಪರಿಶೀಲನೆ ಬೇಕು. ಅದಕ್ಕೆ ಸಾಕಷ್ಟು ಮುನ್ಸೂಚನೆಯೂ ಸಿಗುತ್ತದೆ. ಓಪನ್‌ಎಸ್‌ಎಸ್‌ಎಚ್ ತಂಡ ಒಂದು ವಿಧಾನವನ್ನು ಸಾಮಾನ್ಯವಾಗಿ ಹಂತ ಹಂತವಾಗಿ ಬಿಡುತ್ತದೆ. ಮೊದಲು ಪ್ರಕಟಣೆ, ಆಮೇಲೆ ಡೀಫಾಲ್ಟ್ ಪಟ್ಟಿಯಿಂದ ಹೊರಗೆ, ಕೊನೆಗೆ ಕೋಡಿನಿಂದಲೇ ಹೊರಗೆ. ಆರ್‌ಸಿ4 ಸರ್ವರ್ ಡೀಫಾಲ್ಟಿನಿಂದ ಹೋದದ್ದು 2014, ಕೋಡಿನಿಂದ ಹೋದದ್ದು 2017. ಸಹಿಗೆ ಬಳಸುತ್ತಿದ್ದ ಹಳೆಯ ಡಿಎಸ್‌ಎ ಕೀಗಳು ಡೀಫಾಲ್ಟಿನಿಂದ ಹೋದದ್ದು 2015ರ ಆಗಸ್ಟಿನ 7.0ರಲ್ಲಿ, ಪೂರ್ತಿ ಹೋದದ್ದು 2025ರ ಏಪ್ರಿಲಿನ 10.0ರಲ್ಲಿ. ನಡುವೆ ಹತ್ತು ವರ್ಷ. ಆ ಹತ್ತು ವರ್ಷದಲ್ಲಿ ಬಿಡುಗಡೆಯ ಟಿಪ್ಪಣಿ ಓದುವುದು ಯಾರ ಕೆಲಸವೂ ಆಗಿರದಿದ್ದರೆ, ಕೊನೆಯ ದಿನ ಎಲ್ಲ ಒಮ್ಮೆಗೇ ನಿಂತುಹೋಗುತ್ತದೆ.

ಹಾಗೆ ನಿಂತಾಗ ಏನಾಗುತ್ತದೆ ಎಂಬುದನ್ನೂ ಹೇಳಬೇಕು, ಏಕೆಂದರೆ ಹಾನಿಯ ಬಹುಪಾಲು ಆಗುವುದು ಆ ಗಡಿಬಿಡಿಯಲ್ಲಿ.

ಆಡಳಿತದ ಕಂಪ್ಯೂಟರನ್ನು ಹೊಸ ಲಿನಕ್ಸಿಗೆ ಏರಿಸಿದ ಮರುದಿನ ಹಳೆಯ ಸ್ವಿಚ್ಚಿಗೆ ಲಾಗಿನ್ ಆಗುವುದಿಲ್ಲ. ಎರಡೂ ಕಡೆಗೆ ಹೊಂದುವ ಕೀ ವಿನಿಮಯ ಸಿಗಲಿಲ್ಲ, ಆ ಕಡೆಯವರು ಕೊಡುತ್ತಿರುವುದು ಗ್ರೂಪ್1-ಎಸ್‌ಎಚ್‌ಎ1 ಎಂಬ ಹಳೆಯ ವಿಧಾನ ಎಂಬ ಸಂದೇಶ ಬರುತ್ತದೆ. ಆಗ ಎಲ್ಲೋ ಸಿಕ್ಕ ಸಾಲೊಂದನ್ನು ತಂದು ಎಲ್ಲ ಯಂತ್ರಗಳಿಗೂ ಅನ್ವಯಿಸುವ ಸಾಮಾನ್ಯ ಭಾಗದಲ್ಲಿ ಅಂಟಿಸಿಬಿಡುತ್ತಾರೆ. ಒಂದು ಸ್ವಿಚ್ಚಿಗಾಗಿ ಎಲ್ಲ ಸಂಪರ್ಕವೂ ದುರ್ಬಲವಾಗುತ್ತದೆ. ಮಾಡಬೇಕಾದದ್ದು ಹೀಗೆ: ಕ್ಲೈಂಟಿನ ಕಾನ್ಫಿಗ್ ಕಡತದಲ್ಲಿ ಆ ಒಂದು ಐಪಿ ವಿಳಾಸಕ್ಕೆ ಮಾತ್ರ ಪ್ರತ್ಯೇಕ ಹೋಸ್ಟ್ ಭಾಗ ಬರೆದು, ವಿಧಾನದ ಹೆಸರಿಗಿಂತ ಮೊದಲು ಕೂಡು ಚಿಹ್ನೆ ಹಾಕಿ ಅಲ್ಲಷ್ಟೇ ಸೇರಿಸಿ, ಪಕ್ಕದಲ್ಲೇ ತೆಗೆಯಬೇಕಾದ ತಾರೀಖು ಬರೆಯುವುದು. ಆ ಸ್ವಿಚ್ಚನ್ನು ಬೇರೆ ವಿಎಲ್‌ಎಎನ್‌ಗೆ (ಪ್ರತ್ಯೇಕಿಸಿದ ಜಾಲಕ್ಕೆ) ಹಾಕಿ, ಒಂದು ಜಂಪ್ ಸರ್ವರ್ ಮೂಲಕ ಮಾತ್ರ ತಲುಪುವಂತೆ ಮಾಡುವುದು.

ಆ ಚಿಹ್ನೆಗಳ ಬಗ್ಗೆ ಇನ್ನಷ್ಟು. ಓಪನ್‌ಎಸ್‌ಎಸ್‌ಎಚ್‌ನಲ್ಲಿ ಹೆಸರಿಗಿಂತ ಮೊದಲು ಕೂಡು ಚಿಹ್ನೆ ಇದ್ದರೆ ಡೀಫಾಲ್ಟ್ ಪಟ್ಟಿಗೆ ಸೇರುತ್ತದೆ, ಕಳೆ ಚಿಹ್ನೆ ಇದ್ದರೆ ಪಟ್ಟಿಯಿಂದ ಹೋಗುತ್ತದೆ. ಯಾವ ಚಿಹ್ನೆಯೂ ಇಲ್ಲದಿದ್ದರೆ ಇಡೀ ಡೀಫಾಲ್ಟ್ ಪಟ್ಟಿ ಅಳಿದು ನೀವು ಬರೆದದ್ದೇ ಪಟ್ಟಿಯಾಗುತ್ತದೆ. 2016ರಲ್ಲಿ ಯಾರೋ ಒಳ್ಳೆಯ ಪಟ್ಟಿ ಎಂದು ಹೀಗೆ ಪೂರ್ತಿ ಬರೆದಿಟ್ಟಿದ್ದರೆ, ಸಾಫ್ಟ್‌ವೇರ್ ಎಷ್ಟು ಸಲ ಅಪ್‌ಡೇಟ್ ಆದರೂ ಸರ್ವರ್ 2016ರಲ್ಲೇ ನಿಂತಿರುತ್ತದೆ. ಆಮೇಲೆ ಬಂದ ಒಳ್ಳೆಯ ವಿಧಾನಗಳು ಅಲ್ಲಿ ಎಂದೂ ಕಾಣುವುದಿಲ್ಲ. ಭದ್ರತೆ ಬಿಗಿ ಮಾಡಿದ ಕಚೇರಿಗಳಲ್ಲೇ ಇದು ಹೆಚ್ಚು. ಬೇಡದ್ದನ್ನು ಕಳೆ ಚಿಹ್ನೆಯಿಂದ ತೆಗೆದು ಉಳಿದದ್ದನ್ನು ಡೀಫಾಲ್ಟಿಗೆ ಬಿಡುವುದೇ ಮೇಲು.

ರೆಡ್ ಹ್ಯಾಟ್, ಅಲ್ಮಾ, ರಾಕಿ ಲಿನಕ್ಸ್ 8 ಮತ್ತು ಮುಂದಿನವುಗಳಲ್ಲಿ ಇಡೀ ಯಂತ್ರಕ್ಕೆ ಒಂದೇ ಕ್ರಿಪ್ಟೋ ಪಾಲಿಸಿ ಇದೆ. ಒಂದು ಹಳೆಯ ಸಾಧನಕ್ಕಾಗಿ ಅದನ್ನು ‘ಲೆಗಸಿ’ಗೆ ತಿರುಗಿಸಿದರೆ ವೆಬ್ ಸರ್ವರ್, ಮೇಲ್, ಎಸ್‌ಎಸ್‌ಎಚ್ ಎಲ್ಲವೂ ಕೆಳಗಿಳಿಯುತ್ತವೆ. ತಿರುಗಿಸಿದವರು ವರ್ಗವಾಗಿ ಹೋದ ಮೇಲೆ ಅದು ಯಾರಿಗೂ ನೆನಪಿರುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆ ಸಹಿಗೆ ಬಳಸುವ ಆರ್‌ಎಸ್‌ಎ ಕೀಗಳದ್ದು. 2021ರ ಸೆಪ್ಟೆಂಬರಿನ ಓಪನ್‌ಎಸ್‌ಎಸ್‌ಎಚ್ 8.8ರಲ್ಲಿ ‘ಎಸ್‌ಎಸ್‌ಎಚ್-ಆರ್‌ಎಸ್‌ಎ’ ಡೀಫಾಲ್ಟಿನಿಂದ ಹೋಯಿತು. ಇದನ್ನು ನೋಡಿ ಆರ್‌ಎಸ್‌ಎ ಕೀಗಳನ್ನೆಲ್ಲ ಬಿಸಾಡಬೇಕು ಎಂದುಕೊಂಡವರಿದ್ದಾರೆ. ಹೋದದ್ದು ಕೀ ಅಲ್ಲ, ಎಸ್‌ಎಚ್‌ಎ-1 (ಕಡತಕ್ಕೆ ಗುರುತಿನ ಮೊತ್ತ ತೆಗೆಯುವ ಹಳೆಯ ವಿಧಾನ) ಬಳಸಿ ಸಹಿ ಮಾಡುವ ಪದ್ಧತಿ. 2017ರಲ್ಲೇ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಶೋಧಕರು ಒಂದೇ ಎಸ್‌ಎಚ್‌ಎ-1 ಮೊತ್ತ ಬರುವ ಎರಡು ಬೇರೆ ಬೇರೆ ಪಿಡಿಎಫ್‌ಗಳನ್ನು ತೋರಿಸಿದ್ದರು. ಅದೇ ಆರ್‌ಎಸ್‌ಎ ಕೀ ಎಸ್‌ಎಚ್‌ಎ-2 ಸಹಿಗೂ ನಡೆಯುತ್ತದೆ, ಎರಡೂ ಕಡೆ 2016ರ 7.2 ಅಥವಾ ಅದಕ್ಕಿಂತ ಹೊಸದಿದ್ದರೆ ಸಾಕು. ಕೀ 2048 ಬಿಟ್‌ಗಿಂತ ಚಿಕ್ಕದಾಗಿದ್ದರೆ ಮಾತ್ರ ಬದಲಿಸಿ. ಹೊಸದಾಗಿ ಮಾಡುವುದಾದರೆ ಇಡಿ25519 ಬಗೆಯ ಕೀ ಮಾಡಿ.

ಶಾಖೆಗಳನ್ನು ಜೋಡಿಸುವ ಐಪಿಸೆಕ್ ವಿಪಿಎನ್‌ಗಳಲ್ಲಿ ‘3ಡಿಇಎಸ್, ಎಸ್‌ಎಚ್‌ಎ1, ಗ್ರೂಪ್ 2’ ಎಂಬ ಹಳೆಯ ಮೂರು ಆಯ್ಕೆಗಳು ಎಲ್ಲಾದರೂ ಉಳಿದಿವೆಯೇ ನೋಡಿ. ಗ್ರೂಪ್ 2 ಎಂದರೆ ಮೇಲೆ ಹೇಳಿದ ಅದೇ 1024 ಬಿಟ್ ಗುಂಪು. ಎಸ್‌ಎಸ್‌ಎಚ್ ಅದನ್ನೇ ಗ್ರೂಪ್1 ಎನ್ನುತ್ತದೆ, ಹೆಸರು ನೋಡಿ ಬೇರೆ ಎಂದುಕೊಳ್ಳಬೇಡಿ. ಐಪಿಸೆಕ್‌ನಲ್ಲಿ ಕೀ ವಿನಿಮಯ ಮಾಡುವ ಐಕೆಇಯ ಮೊದಲ ಆವೃತ್ತಿಯನ್ನು 2023ರ ಏಪ್ರಿಲಿನಲ್ಲಿ ಆರ್‌ಎಫ್‌ಸಿ 9395 ಅಧಿಕೃತವಾಗಿ ಕೈಬಿಟ್ಟಿತು. ಐಕೆಇ ಎರಡನೆಯ ಆವೃತ್ತಿ, ಎಇಎಸ್-ಜಿಸಿಎಂ, ಗ್ರೂಪ್ 19 ಅಥವಾ ಕನಿಷ್ಠ 14ಕ್ಕೆ ಬನ್ನಿ. ಒಂದು ತುದಿಯನ್ನು ಮಾತ್ರ ಬದಲಿಸಿದರೆ ಸುರಂಗ ಬೀಳುತ್ತದೆ. ಮೊದಲು ಎರಡೂ ತುದಿಯಲ್ಲಿ ಹೊಸದನ್ನು ಹಳೆಯದರ ಮೇಲೆ ಸೇರಿಸಿ, ಹೊಸದೇ ಆಯ್ಕೆಯಾಗುತ್ತಿದೆ ಎಂದು ಸ್ಥಿತಿ ಪುಟದಲ್ಲಿ ನೋಡಿ, ಕೀ ಮರುವಿನಿಮಯದ ಅವಧಿ ಒಂದು ಸುತ್ತು ಕಳೆದ ಮೇಲೆ ಹಳೆಯದನ್ನು ಎರಡೂ ಕಡೆ ತೆಗೆಯಿರಿ.

ಯಾವುದನ್ನಾದರೂ ತೆಗೆಯುವ ಮುನ್ನ ಅದನ್ನು ನಿಜವಾಗಿ ಯಾರು ಬಳಸುತ್ತಿದ್ದಾರೆ ಎಂದು ತಿಳಿಯಬೇಕು. ಎಸ್‌ಎಸ್‌ಎಚ್‌ಡಿ (ಎಸ್‌ಎಸ್‌ಎಚ್ ಸರ್ವರ್) ಕಮಾಂಡಿಗೆ ದೊಡ್ಡಕ್ಷರದ ಟಿ ಕೊಟ್ಟರೆ ಸರ್ವರಿನಲ್ಲಿ ಈಗ ಜಾರಿಯಲ್ಲಿರುವ ಪಟ್ಟಿ ಸಿಗುತ್ತದೆ. ಹೊರಗಿನಿಂದ ನೋಡಲು ಎಸ್‌ಎಸ್‌ಎಚ್-ಆಡಿಟ್, ಟೆಸ್ಟ್‌ಎಸ್‌ಎಸ್‌ಎಲ್, ಎನ್‌ಮ್ಯಾಪ್ ಎಂಬ ಉಚಿತ ಉಪಕರಣಗಳಿವೆ. ಸ್ವಂತ ಸಾಧನಗಳ ಮೇಲೆ, ಲಿಖಿತ ಅನುಮತಿ ಪಡೆದು, ಕಚೇರಿ ಮುಗಿದ ಮೇಲೆ ಓಡಿಸಿ, ಏಕೆಂದರೆ ಕೆಲವು ಹಳೆಯ ಸಾಧನಗಳು ಸ್ಕ್ಯಾನಿಗೇ ಸ್ಥಗಿತವಾಗುತ್ತವೆ. ಎನ್‌ಜಿನ್‌ಎಕ್ಸ್ ಮತ್ತು ಅಪಾಚಿ ಎಂಬ ವೆಬ್ ಸರ್ವರುಗಳೆರಡರಲ್ಲೂ ಪ್ರತಿ ಸಂಪರ್ಕದ ಟಿಎಲ್‌ಎಸ್ ಆವೃತ್ತಿ, ಸೈಫರಿನ ಹೆಸರುಗಳನ್ನು ಲಾಗಿನಲ್ಲಿ ಬರೆಸಬಹುದು. ಕನಿಷ್ಠ ಒಂದು ಪೂರ್ತಿ ತಿಂಗಳು ಬರೆಸಿ. ತಿಂಗಳ ಕೊನೆಯ ಸಂಬಳದ ಬಿಲ್ಲಿಗೋ ವರದಿಗೋ ಮಾತ್ರ ಎದ್ದು ಮಾತನಾಡುವ ಯಂತ್ರಗಳಿರುತ್ತವೆ, ವಾರದ ಲಾಗಿನಲ್ಲಿ ಅವು ಕಾಣುವುದಿಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ನ 2022ರ ಏಪ್ರಿಲಿನ ನಿರ್ದೇಶನದಂತೆ 180 ದಿನದ ಲಾಗ್ ಹೇಗೂ ಇಟ್ಟುಕೊಳ್ಳಲೇಬೇಕು.

ಲಾಗಿನಲ್ಲಿ ಟಿಎಲ್‌ಎಸ್ 1.0 ಕಂಡರೆ ಹೆಚ್ಚಾಗಿ ಅದು ವಿಂಡೋಸ್ ಎಕ್ಸ್‌ಪಿ, ಅಪ್‌ಡೇಟ್ ಹಾಕದ ವಿಂಡೋಸ್ 7, ಆಂಡ್ರಾಯ್ಡ್ 4.4ರ ಟ್ಯಾಬ್ ಅಥವಾ ಹಳೆಯ ಜಾವಾ. ಆಂಡ್ರಾಯ್ಡ್ 5.0ರಿಂದ ಟಿಎಲ್‌ಎಸ್ 1.2 ತಾನಾಗಿಯೇ ಆನ್ ಆಗಿದೆ. ಟಿಎಲ್‌ಎಸ್ 1.0 ಮತ್ತು 1.1 ಎರಡನ್ನೂ 2021ರ ಮಾರ್ಚಿನ ಆರ್‌ಎಫ್‌ಸಿ 8996 ಕೈಬಿಟ್ಟಿದೆ. ಮರುತಿಂಗಳೇ ಜಾವಾ ಅಪ್‌ಡೇಟುಗಳು ಇವನ್ನು ಡೀಫಾಲ್ಟಿನಿಂದ ತೆಗೆದವು. ನಿಂತುಹೋದ ಅಪ್ಲಿಕೇಷನ್ನನ್ನು ಓಡಿಸಲು ಜಾವಾದ ಭದ್ರತಾ ಕಡತದಲ್ಲಿನ ನಿಷೇಧ ಪಟ್ಟಿಯನ್ನೇ ಖಾಲಿ ಮಾಡುವ ವೆಂಡರುಗಳಿಗೆ ದಯವಿಟ್ಟು ಬಿಲ್ ಪಾಸು ಮಾಡಬೇಡಿ.

ಬದಲಿಸುವ ದಿನ ಈಗ ತೆರೆದಿರುವ ಲಾಗಿನ್ ಕಿಟಕಿಯನ್ನು ಮುಚ್ಚಬೇಡಿ. ಎಸ್‌ಎಸ್‌ಎಚ್‌ಡಿಗೆ ಸಣ್ಣಕ್ಷರದ ಟಿ ಕೊಟ್ಟು ಕಡತದಲ್ಲಿ ತಪ್ಪಿಲ್ಲವೆಂದು ನೋಡಿ, ಅದೇ ಕಡತದಿಂದ ಇನ್ನೊಂದು ಪೋರ್ಟಿನಲ್ಲಿ ಎರಡನೆಯ ಸರ್ವರ್ ಎಬ್ಬಿಸಿ, ಎಲ್ಲ ಬಗೆಯ ಕ್ಲೈಂಟಿನಿಂದ ಒಳಗೆ ಬಂದು, ಆಮೇಲೆ ಮೂಲ ಸರ್ವರಿಗೆ ರೀಲೋಡ್ ಕೊಡಿ. ಪಾವಗಡದಲ್ಲಿರುವ ಪೆಟ್ಟಿಗೆಯ ಬಾಗಿಲನ್ನು ತುಮಕೂರಿನಲ್ಲಿ ಕೂತು ತಪ್ಪಾಗಿ ಮುಚ್ಚಿದರೆ ಅದನ್ನು ತೆರೆಯಲು ನೂರು ಕಿಲೋಮೀಟರ್ ಆಸುಪಾಸು ಹೋಗಬೇಕು.

ಪಾವಗಡದ ಮಾತು ಬಂದದ್ದರಿಂದ ಆಯುಸ್ಸಿನ ಲೆಕ್ಕ. ಅಲ್ಲಿನ ಸೋಲಾರ್ ಪಾರ್ಕಿನ ಪ್ಯಾನೆಲ್ಲಿಗೆ 25 ವರ್ಷದ ಲೆಕ್ಕ ಹಾಕುತ್ತಾರೆ. ಅದರ ಪಕ್ಕದಲ್ಲಿ ಕೂತು ಅಂಕಿಅಂಶ ಕಳಿಸುವ ಪೆಟ್ಟಿಗೆಯೊಳಗಿನ ಸೈಫರ್ ಪಟ್ಟಿ 25 ವರ್ಷ ಬಾಳುವುದಿಲ್ಲ, ಹಾಗೆ ಬಾಳಿದ ಪಟ್ಟಿ ಇಲ್ಲಿಯವರೆಗೆ ಒಂದೂ ಇಲ್ಲ. ಇನ್ನು ಮುಂದಿನ ಬದಲಾವಣೆ ಆಗಲೇ ಶುರುವಾಗಿದೆ. ದೊಡ್ಡ ಕ್ವಾಂಟಂ ಕಂಪ್ಯೂಟರ್ ಬಂದರೆ ಇಂದಿನ ಆರ್‌ಎಸ್‌ಎ, ಡಿಫಿ-ಹೆಲ್ಮನ್, ಎಕ್ಸ್25519 ಎಲ್ಲವೂ ಬೀಳುತ್ತವೆ ಎಂಬುದು 1994ರಿಂದ ಗೊತ್ತಿರುವ ವಿಚಾರ. ಎಇಎಸ್-256ಕ್ಕೆ ಅಷ್ಟು ಭಯವಿಲ್ಲ. ಅಂಥ ಯಂತ್ರ ಇನ್ನೂ ಬಂದಿಲ್ಲ, ಆದರೆ ಇಂದು ಹರಿದದ್ದನ್ನು ಹಿಡಿದಿಟ್ಟುಕೊಂಡು ಮುಂದೊಂದು ದಿನ ಬಿಡಿಸಬಹುದು. ರೋಗಿಯ ದಾಖಲೆಯಂಥವುಗಳ ಗುಟ್ಟು ದಶಕಗಳ ಕಾಲ ಉಳಿಯಬೇಕಾದದ್ದು. ಹಾಗಾಗಿ ಕೀ ವಿನಿಮಯ ಮೊದಲು ಬದಲಾಗುತ್ತಿದೆ. ಓಪನ್‌ಎಸ್‌ಎಸ್‌ಎಚ್ 2022ರ 9.0ರಲ್ಲೇ ಕ್ವಾಂಟಂ ತಡೆಯುವ ವಿಧಾನವನ್ನು ಎಕ್ಸ್25519 ಜೊತೆ ಬೆಸೆದು ಡೀಫಾಲ್ಟ್ ಮಾಡಿತು. 2024ರ ಆಗಸ್ಟಿನಲ್ಲಿ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ ಎಂಎಲ್-ಕೆಇಎಂ ಎಂಬ ಕ್ವಾಂಟಂ ತಡೆಯುವ ವಿಧಾನವನ್ನು ಮಾನದಂಡ ಮಾಡಿತು, ಓಪನ್‌ಎಸ್‌ಎಸ್‌ಎಚ್ 10.0ರಿಂದ ಎಂಎಲ್-ಕೆಇಎಂ ಬೆಸೆದದ್ದೇ ಡೀಫಾಲ್ಟ್. ಎರಡನ್ನು ಬೆಸೆಯುವುದು ಏಕೆಂದರೆ ಹೊಸದೂ ಮುರಿಯಬಹುದು: ಅಂಥದೇ ಇನ್ನೊಂದು ಅಭ್ಯರ್ಥಿ ಸೈಕ್, 2022ರಲ್ಲಿ ಪ್ರೊಸೆಸರಿನ ಒಂದೇ ಕೋರ್‌ನಲ್ಲಿ ಸುಮಾರು ಒಂದು ಗಂಟೆಯಲ್ಲಿ ಮುರಿದುಬಿತ್ತು.

ಇದರಿಂದ ಖರೀದಿಗೆ ಎರಡು ನೇರ ಪರಿಣಾಮ. ವೆಬ್ ಸರ್ವರುಗಳು ಟಿಎಲ್‌ಎಸ್‌ಗೆ ಬಳಸುವ ಓಪನ್‌ಎಸ್‌ಎಸ್‌ಎಲ್ ಸಾಫ್ಟ್‌ವೇರಿಗೆ ಎಂಎಲ್-ಕೆಇಎಂ ಬಂದದ್ದು 2025ರ 3.5ರಲ್ಲಿ. ಉಬುಂಟು 24.04ರಲ್ಲಿರುವುದು 3.0 ಸರಣಿ. ಅಲ್ಲಿ ಎಸ್‌ಎಸ್‌ಎಚ್‌ಗೆ ಕ್ವಾಂಟಂ ರಕ್ಷಣೆ ಸಿಗುತ್ತದೆ, ವ್ಯವಸ್ಥೆಯ ಜೊತೆಗೇ ಬರುವ ಓಪನ್‌ಎಸ್‌ಎಸ್‌ಎಲ್ ಬಳಸುವ ವೆಬ್ ಸರ್ವರಿಗೆ ಸಿಗುವುದಿಲ್ಲ. ಎರಡನೆಯದು ಅಳತೆ: ಎಕ್ಸ್25519ರ ಬಹಿರಂಗ ಕೀ 32 ಬೈಟ್, ಎಂಎಲ್-ಕೆಇಎಂ-768ರದ್ದು 1184 ಬೈಟ್. ಬ್ರೌಸರ್ ಕಳಿಸುವ ಮೊದಲ ಸಂದೇಶ 1500 ಬೈಟಿನ ಒಂದು ಪ್ಯಾಕೆಟ್ಟಿನಲ್ಲಿ ಹಿಡಿಸದೆ ಎರಡಾಗುತ್ತದೆ. ಒಂದೇ ಪ್ಯಾಕೆಟ್ ಎಂದು ನಂಬಿ ಬರೆದ ಕೆಲವು ಹಳೆಯ ಫೈರ್‌ವಾಲುಗಳು ಎರಡನೆಯದನ್ನು ನುಂಗುತ್ತವೆ, ಪುಟ ತೆರೆಯದೆ ಸುಮ್ಮನೆ ತಿರುಗುತ್ತಿರುತ್ತದೆ. ತಪ್ಪು ಸಂದೇಶವೂ ಬರುವುದಿಲ್ಲ. ಅಂಥಲ್ಲಿ ಬ್ರೌಸರಿನಲ್ಲಿ ಈ ರಕ್ಷಣೆಯನ್ನು ಆಫ್ ಮಾಡದೆ ಫೈರ್‌ವಾಲಿನ ಸಾಫ್ಟ್‌ವೇರನ್ನು ಬದಲಿಸಿ.

ಇನ್ನು ಟೆಂಡರಿಗೆ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರ ಅಡಿ ಕರೆಯುವ ಟೆಂಡರಾಗಲಿ, ಸಂಸ್ಥೆಯೇ ಕರೆಯುವ ದರಪಟ್ಟಿಯಾಗಲಿ, ‘256 ಬಿಟ್’ ಸಾಲಿನ ಜಾಗದಲ್ಲಿ ಈ ಒಕ್ಕಣೆಯನ್ನು ಬಳಸಿಕೊಳ್ಳಿ:

‘ಸರಬರಾಜುದಾರರು ಸಾಧನದ ಭದ್ರತಾ ಅಪ್‌ಡೇಟುಗಳನ್ನು ಖರೀದಿಯ ದಿನಾಂಕದಿಂದ ಕನಿಷ್ಠ ಏಳು ವರ್ಷ ಹೆಚ್ಚುವರಿ ಶುಲ್ಕವಿಲ್ಲದೆ ಒದಗಿಸತಕ್ಕದ್ದು. ಕೀ ವಿನಿಮಯ, ಸಹಿ, ಸೈಫರ್ ಮತ್ತು ಮ್ಯಾಕ್ ಪಟ್ಟಿಗಳನ್ನು ಸರಬರಾಜುದಾರರ ನೆರವಿಲ್ಲದೆ ಖರೀದಿದಾರರ ಸಿಬ್ಬಂದಿಯೇ ಬದಲಿಸುವಂತಿರತಕ್ಕದ್ದು. ಒಪ್ಪಿಸುವ ದಿನ ಟಿಎಲ್‌ಎಸ್ 1.2ಕ್ಕಿಂತ ಕೆಳಗಿನ ಆವೃತ್ತಿ, ಎಸ್‌ಎಸ್‌ಎಚ್ ಮೊದಲ ಆವೃತ್ತಿ, ಆರ್‌ಸಿ4, 3ಡಿಇಎಸ್, ಸಿಬಿಸಿ, ಎಸ್‌ಎಚ್‌ಎ-1 ಸಹಿ ಹಾಗೂ 2048 ಬಿಟ್‌ಗಿಂತ ಕಡಿಮೆಯ ಡಿಫಿ-ಹೆಲ್ಮನ್ ನಿಷ್ಕ್ರಿಯವಾಗಿದ್ದು, ಟಿಎಲ್‌ಎಸ್ 1.3 ಸಕ್ರಿಯವಾಗಿರತಕ್ಕದ್ದು. ಕ್ವಾಂಟಂ ನಿರೋಧಕ ಕೀ ವಿನಿಮಯ ಈಗ ಇಲ್ಲದಿದ್ದಲ್ಲಿ ಅದನ್ನು ಒದಗಿಸುವ ದಿನಾಂಕವನ್ನು ಲಿಖಿತವಾಗಿ ನೀಡತಕ್ಕದ್ದು. ಪ್ರತಿ ಸಾಧನದ ಹೋಸ್ಟ್ ಕೀ ಪ್ರತ್ಯೇಕವಾಗಿರತಕ್ಕದ್ದು. ಸ್ಕ್ಯಾನ್ ವರದಿಯನ್ನು ಸ್ವೀಕೃತಿ ಪತ್ರಕ್ಕೆ ಲಗತ್ತಿಸಿದ ನಂತರವೇ ಅಂತಿಮ ಕಂತು ಪಾವತಿಸಲಾಗುವುದು.’

ಹೋಸ್ಟ್ ಕೀ ಎಂದರೆ ಸಾಧನದ ಗುರುತಿನ ಕೀ, ಆ ಸಾಲನ್ನು ಬಿಡಬೇಡಿ. ಕಾರ್ಖಾನೆಯಿಂದಲೇ ಎಲ್ಲ ಪೆಟ್ಟಿಗೆಗಳಿಗೂ ಒಂದೇ ಕೀ ಬರುವುದುಂಟು. ಒಂದು ಪೆಟ್ಟಿಗೆ ಕೈಗೆ ಸಿಕ್ಕವನು ಉಳಿದೆಲ್ಲವುಗಳ ವೇಷ ಹಾಕಬಹುದು. ಇಲ್ಲಿ ಕೊಟ್ಟ ಹೆಸರುಗಳೂ ಹಳತಾಗುತ್ತವೆ, ಆದ್ದರಿಂದ ಪ್ರತಿ ಹೊಸ ಟೆಂಡರಿಗೆ ಮುನ್ನ ಆ ಭಾಗವನ್ನು ತಿದ್ದಿಸಿಕೊಳ್ಳಿ. ಮೊದಲ ಎರಡು ವಾಕ್ಯಗಳನ್ನು ಮಾತ್ರ ಹಾಗೇ ಉಳಿಸಿ.

ಕೊನೆಯದಾಗಿ ಒಂದು ಕಚೇರಿ ಆದೇಶ ಬೇಕು. ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರಿನಲ್ಲಿ, ಬಿಡುಗಡೆ ಟಿಪ್ಪಣಿಗಳನ್ನು ಓದಿ, ಸ್ಕ್ಯಾನ್ ಮಾಡಿ, ತೆಗೆಯಬೇಕಾದವುಗಳ ಪಟ್ಟಿಯನ್ನು ಕಡತದಲ್ಲಿ ಮಂಡಿಸುವ ಕೆಲಸವನ್ನು ಒಂದು ಹುದ್ದೆಗೆ ವಹಿಸಿ. ಉಬುಂಟು ಏಪ್ರಿಲ್ ಮತ್ತು ಅಕ್ಟೋಬರಿನಲ್ಲಿ ಹೊಸ ಆವೃತ್ತಿ ಬಿಡುತ್ತದೆ, ಓಪನ್‌ಎಸ್‌ಎಸ್‌ಎಚ್‌ನ ಬಿಡುಗಡೆಗಳೂ ಎಷ್ಟೋ ಸಲ ಆ ಆಸುಪಾಸಿನಲ್ಲೇ ಬೀಳುತ್ತವೆ, ಹಾಗಾಗಿ ಈ ಎರಡು ತಿಂಗಳು ಸರಿಹೊಂದುತ್ತವೆ. ವ್ಯಕ್ತಿಯ ಹೆಸರಿಗೆ ಬೇಡ, ಹುದ್ದೆಗೇ ವಹಿಸಿ. ವರ್ಗಾವಣೆಯ ದಿನ ಚಾರ್ಜ್ ಪಟ್ಟಿಯಲ್ಲಿ ಬೀರುವಿನ ಕೀ ಜೊತೆಗೆ ಈ ಸ್ಕ್ಯಾನ್ ಕಡತವೂ ಹಸ್ತಾಂತರವಾಗಲಿ. ಇದಕ್ಕೆ ಪ್ರತ್ಯೇಕ ಅನುದಾನ ಬೇಕಿಲ್ಲ, ಹೆಸರಿಸಿದ ಉಪಕರಣಗಳೆಲ್ಲ ಉಚಿತ. ಬೇಕಾದದ್ದು ತಿಂಗಳಿಗೆ ಒಂದು ದಿನದಷ್ಟು ಸಿಬ್ಬಂದಿ ಸಮಯ ಮತ್ತು ಹಳೆಯ ಸಾಧನಗಳ ಬದಲಿಗೆ ಮುಂದಿನ ಕ್ರಿಯಾ ಯೋಜನೆಯಲ್ಲಿ ಒಂದು ಬಾಬ್ತು.

ಇಂತಿ ವಂದನೆಗಳೊಂದಿಗೆ,
ಜಿಲ್ಲೆಯಲ್ಲಿ ಸರ್ವರ್ ಮತ್ತು ನೆಟ್‌ವರ್ಕ್ ನೋಡಿಕೊಳ್ಳುವ ನೌಕರರು
ತುಮಕೂರು